ಗಂಟೆಗೆ 60 ರೂಪಾಯಿ

ಸೀನಿಯರ್‌ಗಳ ಪ್ಲೇಸ್‌ಮೆಂಟ್ ಶುರುವಾಗಿದೆ. ಕ್ಯಾಂಟೀನ್‌ನಲ್ಲಿ, ಹಾಸ್ಟೆಲ್ ಮೆಟ್ಟಿಲ ಮೇಲೆ, ಲ್ಯಾಬ್ ರೆಕಾರ್ಡ್ ಬರೆಯುವಾಗ, ಎಲ್ಲಾ ಕಡೆ ಒಂದೇ ಮಾತು: ಯಾವ ಕಂಪನಿ, ಎಷ್ಟು ಲಕ್ಷ. ಎಲ್ಲರೂ ಇದನ್ನು 'ಫಸ್ಟ್ ಜಾಬ್' ಅಂತಾರೆ. ನಮಗೆ ಮೂವರಿಗೆ ಮಾತ್ರ ಒಳಗೊಳಗೇ ನಗು. ನಮ್ಮ ಫಸ್ಟ್ ಜಾಬ್ ಯಾವತ್ತೋ ಆಗಿಹೋಯ್ತು. ಅದಕ್ಕೆ ರೆಸ್ಯೂಮೆ ಬೇಕಿರಲಿಲ್ಲ. ಇಂಟರ್‌ವ್ಯೂ ಇತ್ತು, ಅದೂ ಒಂದೇ ಪ್ರಶ್ನೆಯದು: "ಪಂಚೆ ಉಡೋಕೆ ಬರುತ್ತೇನೋ ತಮ್ಮಾ?"

ನಾವು ಅಂದರೆ ಮೂವರು. ಸಾಗರದ ಕಡೆಯವರು, ಒಂದೇ ಪಿಯು ಕಾಲೇಜು, ಇಲ್ಲಿ ಬೇರೆ ಬೇರೆ ಬ್ರಾಂಚು. ಆಗ ನಾವು ನಾಲ್ವರಿದ್ದೆವು. ಆ ನಾಲ್ಕನೆಯವನ ವಿಷಯ ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತಿದ್ದು. ಆದರೆ ಅದಕ್ಕೂ ಮುಂಚೆ ದುಡ್ಡಿನ ಲೆಕ್ಕ ಹೇಳಿಬಿಡ್ತೀವಿ, ಯಾಕಂದರೆ ಎಲ್ಲ ಶುರುವಾಗಿದ್ದು ಅಲ್ಲಿಂದ.

ಸಿಇಟಿ ಬರೆದು ಮುಗಿದಿತ್ತು. ನಾಲ್ವರಿಗೂ 17 ವರ್ಷ. ಸೀಟು ಸಿಕ್ಕರೆ ಫೀಸು ಹೇಗೋ ಸಾಲಸೋಲ ಮಾಡಿ ಕಟ್ತೀವಿ, ಹಾಸ್ಟೆಲ್ಲು, ಲ್ಯಾಪ್‌ಟಾಪು ಅಂತೆಲ್ಲ ಕೇಳಬೇಡಿ ಅಂತ ಮನೆಯಲ್ಲಿ ಮೊದಲೇ ಹೇಳಿದ್ದರು. ಸರಿ, ನಾವೇ ದುಡಿಯೋಣ ಅಂತ ಹೊರಟೆವು. ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೇಳಿದಾಗ ತಿಂಗಳಿಗೆ 6,000 ಅಂದರು. ಕುಣಿದಾಡಿಬಿಟ್ಟೆವು! ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಲೆಕ್ಕ ಹಾಕಿದೆವು. ಬೆಳಿಗ್ಗೆ 9ರಿಂದ ರಾತ್ರಿ 9, ತಿಂಗಳಿಗೆ 26 ದಿನ. ಅಂದರೆ 312 ಗಂಟೆ. ಗಂಟೆಗೆ 19 ರೂಪಾಯಿ ಚಿಲ್ಲರೆ. ಬಸ್ ಚಾರ್ಜು, ಮಧ್ಯಾಹ್ನದ ಊಟ ಕಳೆದರೆ ಇನ್ನೂ ಕಮ್ಮಿ. ಬೈಕಿನಲ್ಲಿ ಡೆಲಿವರಿ ಮಾಡೋಣ ಅಂದರೆ 18 ಆಗದೆ ಗೇರ್ ಬೈಕಿನ ಲೈಸೆನ್ಸೇ ಸಿಗಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗನಿಗೆ ದಿನಾ ಒಂದು ಗಂಟೆ ಗಣಿತ ಹೇಳಿಕೊಡೋದಕ್ಕೆ 1,500 ಅಂದರು. 25 ದಿನ ಅಂತಿಟ್ಟುಕೊಂಡರೆ ಗಂಟೆಗೆ 60! ಆದರೆ ಅಂಥ ಹುಡುಗ ಇದ್ದಿದ್ದು ಒಬ್ಬನೇ, ನಾವು ನಾಲ್ವರು.

ಆ ಲೆಕ್ಕ ನಮಗೆ ಯಾರೂ ಕಲಿಸಿದ್ದಲ್ಲ. ಒಮ್ಮೆ ಗೊತ್ತಾದ ಮೇಲೆ ಎಲ್ಲದಕ್ಕೂ ಅದನ್ನೇ ಹಾಕತೊಡಗಿದೆವು. ತಿಂಗಳಿಗೆ ಎಷ್ಟು ಅಂತ ಕೇಳಬೇಡಿ, ಗಂಟೆಗೆ ಎಷ್ಟು ಅಂತ ಕೇಳಿ. ಕೈಗೆ ಯಾವತ್ತು ಬರುತ್ತೆ ಅಂತಲೂ ಕೇಳಿ.

ಇಷ್ಟೆಲ್ಲ ಬುದ್ಧಿ ಇದ್ದೂ ನಮ್ಮಲ್ಲೊಬ್ಬ (ಯಾರು ಅಂತ ಹೇಳಲ್ಲ, ಸಂಪಾದಕರು ಕೇಳಿದರೂ ಹೇಳಲ್ಲ) ಹಳ್ಳಕ್ಕೆ ಬಿದ್ದ. ಮನೆಯಲ್ಲೇ ಕೂತು ಫಾರ್ಮ್ ತುಂಬುವ ಕೆಲಸ, ತಿಂಗಳಿಗೆ 18,000, ರಿಜಿಸ್ಟ್ರೇಷನ್ ಫೀಸು ಬರೀ 1,499. ಅಮ್ಮ ಸಂಘದ ಕಂತಿಗೆ ಅಂತ ಡಬ್ಬಿಯಲ್ಲಿಟ್ಟಿದ್ದ ದುಡ್ಡು ಹೋಯ್ತು. ಏಳು ದಿನ ರಾತ್ರಿ ಹಗಲು ಟೈಪ್ ಮಾಡಿದ. ಎಂಟನೇ ದಿನ ಒಬ್ಬಳು ಫೋನ್ ಮಾಡಿ, ನಿಮ್ಮ ಕೆಲಸದಲ್ಲಿ ತಪ್ಪು ಜಾಸ್ತಿ, ಅಗ್ರಿಮೆಂಟ್ ಮುರಿದಿದ್ದೀರಿ, 5,800 ಕಟ್ಟಿ, ಇಲ್ಲಾಂದ್ರೆ ಮನೆಗೆ ಲೀಗಲ್ ನೋಟಿಸ್ ಬರುತ್ತೆ ಅಂದಳು. ಅಪ್ಪನಿಗೆ ಗೊತ್ತಾಗುತ್ತಲ್ಲ ಅಂತ ಹೆದರಿ, ಚಿಕ್ಕಮ್ಮನ ಹತ್ತಿರ ಸುಳ್ಳು ಹೇಳಿ ಕೈಸಾಲ ತಂದು ಅದನ್ನೂ ಕಟ್ಟಿದ. ಒಟ್ಟು 7,299.

ಈ ಕಾಲೇಜಿಗೆ ಬಂದ ಮೇಲೆ ಗೆಳೆಯನೊಬ್ಬನ ಅಕ್ಕ, ಲಾ ಓದ್ತಿರೋರು, ಈ ಕತೆ ಕೇಳಿ ತಲೆ ಚಚ್ಚಿಕೊಂಡರು. 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳೋಕೆ ಅರ್ಹರೇ ಅಲ್ಲವಂತೆ. ಮೊಹೊರಿ ಬೀಬಿ ಪ್ರಕರಣದಲ್ಲಿ 1903ರಲ್ಲೇ ಪ್ರಿವಿ ಕೌನ್ಸಿಲ್, ಅಪ್ರಾಪ್ತರ ಕರಾರು ಮೊದಲಿಂದಲೇ ಶೂನ್ಯ ಅಂತ ತೀರ್ಪು ಕೊಟ್ಟಿದೆಯಂತೆ. ಅಂದರೆ ಆ 'ಅಗ್ರಿಮೆಂಟ್' ಕಾಗದ ಬಜ್ಜಿ ಎಣ್ಣೆ ಒರೆಸೋಕೂ ಲಾಯಕ್ಕಿರಲಿಲ್ಲ. ನಿಮ್ಮ ತಮ್ಮನೋ ತಂಗಿಯೋ ಹೀಗೆ ಸಿಕ್ಕಿಕೊಂಡರೆ ದುಡ್ಡು ಕಟ್ಟೋಕೆ ಬಿಡಬೇಡಿ. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸಿ. ಕೆಲಸ ಕೊಡುವವರು ನಮಗೆ ದುಡ್ಡು ಕೊಡಬೇಕು, ನಾವು ಅವರಿಗಲ್ಲ. ಇಷ್ಟು ಸಣ್ಣ ವಿಷಯ ನಮಗೆ 7,299 ರೂಪಾಯಿ ಕೊಟ್ಟ ಮೇಲೆ ತಿಳೀತು.

ಹೀಗಿರುವಾಗ ನಾಲ್ಕನೆಯವನೇ ಅಡುಗೆ ಕಂಟ್ರಾಕ್ಟರ್ ಭಟ್ಟರ ಹತ್ತಿರ ನಮ್ಮನ್ನೆಲ್ಲ ಕರೆದುಕೊಂಡು ಹೋದ. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲದಕ್ಕೂ ಬಡಿಸುವ ಹುಡುಗರು ಬೇಕು. ದಿನಕ್ಕೆ 600, ಊಟ ತಿಂಡಿ ಅಲ್ಲೇ. ಹಿಂದಿನ ದಿನ ಸಂಜೆಯೇ ಹೋಗಿ ತರಕಾರಿ ಹೆಚ್ಚಿ, ರಾತ್ರಿ ಅಲ್ಲೇ ಮಲಗಿದರೆ 800. ಹತ್ತು ಗಂಟೆಯ ಕೆಲಸ ಅಂದುಕೊಂಡರೂ ಗಂಟೆಗೆ 60. ಕೂತು ಗಣಿತ ಹೇಳಿಕೊಟ್ಟಷ್ಟೇ! ಅದೂ ಸಾಯಂಕಾಲ ಪಾತ್ರೆ ಲಾರಿಗೆ ಏರಿಸಿದ ಕೂಡಲೇ ಕೈಗೆ.

ಸುಲಭದ ಕೆಲಸ ಅಂದುಕೊಂಡಿದ್ದೆವು. ಅಲ್ಲಿಯೂ ಕಂಪನಿಯ ಹಾಗೇ ಮೇಲೆ ಕೆಳಗೆ ಅಂತ ಇದೆ. ಹೊಸಬರಿಗೆ ನೀರು, ಉಪ್ಪು. ಆಮೇಲೆ ಕೋಸಂಬರಿ, ಪಲ್ಯ. ಅನ್ನದ ಪಾತ್ರೆ ಕೈಗೆ ಬಂತು ಅಂದರೆ ನಂಬಿಕೆ ಬಂತು ಅಂತ. ಸಾರಿನ ಬಕೆಟ್ ಸಿಕ್ಕರೆ ಅದು ಪ್ರಮೋಷನ್. ತುಪ್ಪ ಮಾತ್ರ ಭಟ್ಟರ ತಮ್ಮನ ಕೈಯಲ್ಲೇ. ಎಲೆಯ ತುದಿ ಉಣ್ಣುವವರ ಎಡಕ್ಕೆ ಇರಬೇಕು, ಎಲೆ ದಾಟಬಾರದು, ಬಗ್ಗಿದಾಗ ಬೆವರು ಬೀಳಬಾರದು. ಮೊದಲ ದಿನ ಸೊಂಟ ಬಿದ್ದುಹೋಯ್ತು. ನಾಲ್ಕನೇ ಪಂಕ್ತಿ ಮುಗಿಯೋ ಹೊತ್ತಿಗೆ ಬಿಸಿ ಸಾರಿನ ಹಬೆಗೆ ಮುಂಗೈ ಕೆಂಪಾಗಿತ್ತು. ನೆಂಟರ ಮುಂದೆ ಬಡಿಸಬೇಕಲ್ಲ ಅಂತ ನಮ್ಮಲ್ಲೊಬ್ಬ ಒಂದು ಮದುವೆಯಲ್ಲಿ ಕಂಬದ ಹಿಂದೆ ಅಡಗಿಕೊಂಡ. ಭಟ್ಟರು ನೋಡಿ ಬೈಯಲಿಲ್ಲ. "ತಮ್ಮಾ, ಮುಖ ನೋಡಬೇಡ. ಎಲೆ ನೋಡು. ಎಲೆಯಲ್ಲಿ ಏನಿಲ್ಲವೋ ಅದನ್ನ ಬಡಿಸು, ಮುಂದೆ ಹೋಗು" ಅಂದರು. ಆಮೇಲೆ ನಮಗೆ ನಾಚಿಕೆ ಹೋಯ್ತು.

ನಾಲ್ಕನೆಯವನು ಮಾತ್ರ ಮೊದಲ ದಿನದಿಂದಲೇ ಬೇರೆ. ಇಬ್ಬರು ಎತ್ತುವ ಅನ್ನದ ಕೊಪ್ಪರಿಗೆಯನ್ನು ಒಬ್ಬನೇ ಅಲುಗಿಸಿ ಇಳಿಸಿದ. ವಿರಾಟನ ಅಡುಗೆಮನೆಯ ಭೀಮ ಅಂತ ಭಟ್ಟರು ಅವನಿಗೆ 'ವಲಲ' ಅಂತ ಹೆಸರಿಟ್ಟರು. ನಾವೂ ಹಾಗೇ ಕರೆಯತೊಡಗಿದೆವು. ಎಷ್ಟು ಜನಕ್ಕೆ ಎಷ್ಟು ಅಕ್ಕಿ, ಯಾವ ಪಂಕ್ತಿಗೆ ಎಷ್ಟು ಹೋಳಿಗೆ ಉಳಿಯಬೇಕು ಅಂತ ಎರಡೇ ವಾರದಲ್ಲಿ ಲೆಕ್ಕ ಹೇಳುತ್ತಿದ್ದ. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು, ಆಶ್ಚರ್ಯ ಏನೂ ಇಲ್ಲ. ಸಿಇಟಿ ರ‍್ಯಾಂಕಿನಲ್ಲೂ ಅವನೇ ಮೊದಲು.

ಆಷಾಢ ಬರೋ ಹೊತ್ತಿಗೆ ನಾವು ಮೂವರು ತಲಾ 22 ದಿನ ಮಾಡಿ 13,200 ಗಳಿಸಿದ್ದೆವು. ವಲಲ 31 ದಿನ, ಎಲ್ಲಾ ರಾತ್ರಿ ಉಳಿದು, 24,800. ಆ ದುಡ್ಡನ್ನು ಅವನ ಅಮ್ಮನ ಕೈಗೆ ಕೊಟ್ಟಾಗ ನಾವೂ ಅಲ್ಲೇ ಇದ್ದೆವು. ಅವರು ಎಣಿಸಲಿಲ್ಲ. ದೇವರ ಮುಂದೆ ಇಟ್ಟು, "ಕೂತ್ಕೊಳ್ಳಿ, ಕಾಫಿ ಕುಡ್ಕೊಂಡು ಹೋಗಿ" ಅಂದರು. ಅಷ್ಟು ದುಡ್ಡು ಒಟ್ಟಿಗೆ ಆ ಮನೆ ನೋಡಿರಲಿಲ್ಲ ಅಂತ ಅವರ ದನಿಯಲ್ಲೇ ಗೊತ್ತಾಗುತ್ತಿತ್ತು.

ಆಷಾಢದಲ್ಲಿ ಮದುವೆ ಇಲ್ಲ. ಆಗ ಭಟ್ಟರು ವಲಲನಿಗೆ ಬೆಂಗಳೂರಿನಲ್ಲಿ ತಮಗೆ ಪರಿಚಯದ ಒಂದು ಕ್ಯಾಟರಿಂಗ್ ಅಡುಗೆಮನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಹೇಳಿದರು. ತಿಂಗಳಿಗೆ 18,000, ಊಟ, ರೂಮು. ಇದು ಮೋಸದ 18,000 ಅಲ್ಲ, ನಿಜವಾದದ್ದು.

ಅದೇ ವಾರ ಸೀಟ್ ಅಲಾಟ್‌ಮೆಂಟ್ ಬಂತು. ನಾಲ್ವರೂ ಒಂದೇ ಸೈಬರ್ ಸೆಂಟರ್‌ನಲ್ಲಿ ಕೂತಿದ್ದೆವು. ಕೆಇಎ ಪೋರ್ಟಲ್ಲಿನ ಆ ನಾಲ್ಕು ಛಾಯ್ಸ್ ನಿಮಗೆಲ್ಲ ಗೊತ್ತೇ ಇದೆ. ಛಾಯ್ಸ್ 1 ಒತ್ತಿದರೆ ಸೀಟು ಒಪ್ಪಿಕೊಂಡು ಕಾಲೇಜಿಗೆ ಸೇರೋದು. ಛಾಯ್ಸ್ 4 ಒತ್ತಿದರೆ ಎಲ್ಲಾ ಬಿಟ್ಟು ಹೊರಗೆ ಹೋಗೋದು. ಅವನಿಗೆ ಒಂದು ಸರ್ಕಾರಿ ಕಾಲೇಜಿನಲ್ಲಿ ಸೀಟು ಬಂದಿತ್ತು, ನಮ್ಮೆಲ್ಲರದಕ್ಕಿಂತ ಒಳ್ಳೆಯದು. ಅವನು 4 ಒತ್ತಿದ. "ಒಂದು ವರ್ಷ ದುಡಿದು ಬರ್ತೀನಿ ಕಣ್ರೋ" ಅಂದ. ನಾವು "ಸರಿ ಮಾರಾಯ" ಅಂದೆವು.

ಯಾಕೆ ಅಂತ ಕೇಳಲಿಲ್ಲ. ಅದಕ್ಕೆ ಒಂದು ಕಾರಣ ಇತ್ತು, ಅದನ್ನು ಇಷ್ಟು ದಿನ ನಾವು ನಮ್ಮೊಳಗೂ ಮಾತಾಡಿಲ್ಲ. ಮೋಸ ಹೋದವನ 13,200ರಲ್ಲಿ 7,299 ಸಂಘದ ಕಂತಿಗೆ, ಚಿಕ್ಕಮ್ಮನಿಗೆ ಹೋಗಿತ್ತು. ಉಳಿದಿದ್ದು 5,901. ಹಾಸ್ಟೆಲ್ ಸೇರಲು 12,000 ಬೇಕಿತ್ತು. ಹಿಂದಿನ ದಿನ ರಾತ್ರಿ ವಲಲ ಅವನ ಮನೆಗೆ ಬಂದು 6,100 ಕೈಗಿಟ್ಟು ಹೋಗಿದ್ದ. ಆ ದುಡ್ಡು ಜೇಬಲ್ಲಿ ಇಟ್ಟುಕೊಂಡು "ನೀನು ಕೆಲಸಕ್ಕೆ ಹೋಗಬೇಡ, ಓದು" ಅಂತ ಹೇಳೋಕೆ ಯಾವ ಬಾಯಿ? ಉಳಿದಿಬ್ಬರಿಗೂ ಈ ವಿಷಯ ಗೊತ್ತಿತ್ತು. ಅವರೂ ಸುಮ್ಮನಿದ್ದರು. ಭಟ್ಟರು ಹೇಳಿಕೊಟ್ಟ ಹಾಗೆ ಮುಖ ನೋಡದೆ ಮುಂದೆ ಹೋದೆವು.

ಒಂದು ವರ್ಷ ಆಯ್ತು, ಎರಡಾಯ್ತು. ಅವನು ಬರಲಿಲ್ಲ.

18,000 ಒಳ್ಳೆ ಸಂಬಳವೋ ಅಲ್ಲವೋ? ನಮ್ಮ ಗಂಟೆ ಲೆಕ್ಕದಲ್ಲಿ ಖಂಡಿತ ಒಳ್ಳೆಯದೇ. 17ರ ಹುಡುಗನಿಗೆ ಊರಲ್ಲಿ ಬೇರೆ ಯಾರು ಅಷ್ಟು ಕೊಡ್ತಾರೆ? ಆದರೆ ಆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು ಅಂತ ಈಗ ಅನ್ನಿಸುತ್ತೆ. ಕಮ್ಮಿ ಸಂಬಳದ ಕೆಲಸವನ್ನು ಬಿಡೋದು ಸುಲಭ. ಮೊಬೈಲ್ ಅಂಗಡಿಯ 6,000 ಆಗಿದ್ದರೆ ಅವನು ಕಾಲೇಜು ಶುರುವಾಗೋ ಹೊತ್ತಿಗೆ ಬಿಟ್ಟು ಬರುತ್ತಿದ್ದ. ಒಳ್ಳೆ ಸಂಬಳ ಬರತೊಡಗಿದರೆ ಮನೆ ಅದರ ಮೇಲೆ ನಿಲ್ಲುತ್ತೆ. ಹೆಂಚು ತೆಗೆದು ಶೀಟ್ ಹಾಕಿಸ್ತಾರೆ, ತಂಗಿಯನ್ನು ಒಳ್ಳೆ ಕಾಲೇಜಿಗೆ ಸೇರಿಸ್ತಾರೆ. ಎಲ್ಲವೂ ಒಳ್ಳೆಯ ಕೆಲಸವೇ. ಆಮೇಲೆ ಬಿಡೋದು ಹೇಗೆ? ಹಾಗಾಗಿ ಮೊದಲ ಕೆಲಸಕ್ಕೆ ಹೋಗುವ ತಮ್ಮ ತಂಗಿಯರಿಗೆ ನಾವು ಈಗ ಮೂರನೇ ಪ್ರಶ್ನೆಯನ್ನೂ ಸೇರಿಸಿ ಹೇಳ್ತೀವಿ: ಗಂಟೆಗೆ ಎಷ್ಟು, ಕೈಗೆ ಯಾವತ್ತು, ಬಿಡೋದು ಯಾವತ್ತು.

ವಲಲ ಸೋತ ಅಂತ ಇದನ್ನು ಓದಿದವರು ಅಂದುಕೊಂಡರೆ ಅದೂ ತಪ್ಪು. ಹೋದ ವರ್ಷ ಅವನು ಊರಿಗೆ ವಾಪಸ್ ಬಂದು ತನ್ನದೇ ತಂಡ ಕಟ್ಟಿದ್ದಾನೆ. 14 ಹುಡುಗರು, ಒಂದು ಹಳೇ ಗೂಡ್ಸ್ ಗಾಡಿ. ಮೊನ್ನೆ ರಜೆಯಲ್ಲಿ ನಮಗೆ ಫೋನ್ ಮಾಡಿ, "ಜನ ಸಾಲದು, ಬರ್ತೀರೇನ್ರೋ ಇಂಜಿನಿಯರ್‌ಗಳೇ?" ಅಂದ. ಮೂವರೂ ಹೋದೆವು. ಪಂಚೆ ಉಟ್ಟೆವು. ನಮಗೆ ಸಾರಿನ ಬಕೆಟ್ ಕೊಟ್ಟ, ತುಪ್ಪ ಅವನೇ ಇಟ್ಟುಕೊಂಡ. ಸಾಯಂಕಾಲ ತಲಾ 900 ಎಣಿಸಿ ಕೊಟ್ಟ. 6,100ನ್ನು ವಾಪಸ್ ಕೊಡೋಕೆ ಹೋದರೆ, "ಇಟ್ಕೊ ಮಾರಾಯ, ಇನ್ನೂ ಏಳು ಮದುವೆ ಬಡಿಸಿ ತೀರಿಸು" ಅಂತ ನಕ್ಕ.

ರಾತ್ರಿ ಮಂಟಪದ ಹಿಂದೆ ಪಾತ್ರೆ ತೊಳೆದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆವು. ಕೊನೆಗೂ ಕೇಳಿದೆವು: "ಅವತ್ತು ನಾವು ಬೇಡ ಅಂದಿದ್ದರೆ ಕೇಳ್ತಿದ್ಯೇನೋ?" ಅವನು ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತ. "ಕೇಳ್ತಿರಲಿಲ್ಲ ಬಿಡ್ರೋ. ಆದ್ರೆ ನೀವು ಅನ್ನಬೇಕಿತ್ತು" ಅಂದ.

ಆಮೇಲೆ ನೀರಿನ ಡ್ರಮ್ಮಿನ ಹತ್ತಿರ ಲೋಟ ಒರೆಸುತ್ತಿದ್ದ ಒಬ್ಬ ಹುಡುಗನನ್ನು ತೋರಿಸಿದ. ಈ ಸಲ ಎರಡನೇ ಪಿಯು ಮುಗಿಸಿದವನಂತೆ, ಚುರುಕು, ಬಡಿಸೋದರಲ್ಲಿ ಒಳ್ಳೆ ಕೈ. "ಇವನಿಗೆ ಆಷಾಢದವರೆಗೆ ಮಾತ್ರ ಕೆಲಸ ಅಂತ ಮೊದಲ ದಿನವೇ ಹೇಳಿದೀನಿ. ಆಮೇಲೆ ಎಷ್ಟು ಬೇಡಿಕೊಂಡರೂ ಕರೆಯಲ್ಲ. ಆಪ್ಷನ್ ಎಂಟ್ರಿ ದಿನ ನೀವು ಮೂವರಲ್ಲಿ ಯಾರಾದ್ರೂ ಬಂದು ಅವನ ಪಕ್ಕ ಕೂತ್ಕೊಳ್ಳಿ. ನನಗೆ ಅದೆಲ್ಲ ಮರೆತುಹೋಗಿದೆ."

ಮರೆತಿರಲಿಲ್ಲ, ನಮಗೆ ಗೊತ್ತು. ಮೂವರೂ ಹೋಗ್ತೀವಿ.