ಕೆಎ 18ರ ಪೆಟ್ರೋಲ್ ಗಾಡಿಗಳು

ಚಿಕ್ಕಮಗಳೂರಿನ ಕೆಎ 18 ನಂಬರು ಓಡುವ ನಮ್ಮ ಕಡೆ ಗಾಡಿಯ ಗುರುತು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತಿತ್ತು. ಕೊಪ್ಪದಿಂದ ಶೃಂಗೇರಿಗೆ ಹೋಗಿ, ಬಾಳೆಹೊನ್ನೂರಿನಿಂದ ಎನ್.ಆರ್.ಪುರಕ್ಕೆ ಹೋಗಿ, ನೆಟ್ಟಗಿನ ರಸ್ತೆ ಸಿಗುವುದೇ ಅಪರೂಪ. ತಿರುವಿನಾಚೆ ಬರುವ ಗಾಡಿ ಕಾಣುವುದಿಲ್ಲ, ಕೇಳುತ್ತದೆ. ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ತಲೆ ಎತ್ತದೆಯೇ, ‘ಅದು ಗೌಡ್ರ ಮನೆ ಜಿಪ್ಸಿ’, ‘ಡಾಕ್ಟ್ರ ಎಸ್ಟೀಮ್ ಬಂತು’ ಎನ್ನುತ್ತಿದ್ದರು. ಏರಿಗೆ ಸೆಕೆಂಡ್ ಗೇರ್ ಹಾಕಿದ ಸದ್ದಿನಿಂದಲೇ ಓಡಿಸುತ್ತಿರುವುದು ಅಪ್ಪನೋ ಮಗನೋ ಎಂದು ಹೇಳುವವರೂ ಇದ್ದರು.

ಆ ಕಿವಿಗೆ ಈಗ ಕೆಲಸವಿಲ್ಲ. ಮನೆ ಮನೆಯಲ್ಲೂ ಎತ್ತರದ ಹೊಸ ಗಾಡಿಗಳು ನಿಂತಿವೆ. ಕಿಟಕಿ ಏರಿಸಿಕೊಂಡು, ಎಸಿ ಹಾಕಿಕೊಂಡು, ಒಂದರ ಹಿಂದೊಂದು ಒಂದೇ ಸದ್ದಿನಲ್ಲಿ ಸರಿದುಹೋಗುತ್ತವೆ. ಅವುಗಳ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಮಳೆಗಾಲದ ರಾತ್ರಿ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಅವೇ ಬೇಕು. ಆದರೂ ತೊಂಬತ್ತರ ದಶಕದಿಂದ ಹತ್ತಿಪ್ಪತ್ತು ವರ್ಷ ಈ ಘಟ್ಟದ ರಸ್ತೆಗಳಲ್ಲಿ ಓಡಿದ ಚುರುಕಿನ ಪೆಟ್ರೋಲ್ ಗಾಡಿಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿರುವುದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ‘ಅಣ್ಣಾ, ಪಿಕಪ್ ಇರೋ ಒಂದು ಹಳೇ ಗಾಡಿ ತಗೊಂಡು ಊರಲ್ಲಿ ಇಡ್ಬೇಕು ಅಂತಿದೀನಿ. ಮಕ್ಕಳ ಕಾಲಕ್ಕೂ ಉಳಿಬೇಕು. ಯಾವ್ದು ತಗೊಳ್ಲಿ?’ ಅವರ ಮನಸ್ಸಿನಲ್ಲಿ ಹೆಸರುಗಳು ಆಗಲೇ ಇರುತ್ತವೆ: 2004ರಲ್ಲಿ ಬಂದ 150 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್, 2015ರ ಅಬಾರ್ಥ್ ಪುಂಟೊ, ಮೂರೇ ಬಾಗಿಲಿನ ಪೋಲೊ ಜಿಟಿಐ. ಎಲ್ಲವೂ ಆಸೆಪಡಬೇಕಾದ ಗಾಡಿಗಳೇ. ನಾನು ಮಾತ್ರ ಮೊದಲು ಕೇಳುವುದು, ‘ಅದು ಕೆಟ್ಟರೆ ಕೊಪ್ಪದಲ್ಲಿ ಯಾರು ನೋಡ್ತಾರೆ?’ ಎಂದು. ಅಬಾರ್ಥ್‌ನ ಟರ್ಬೊಗೆ ತೊಂದರೆ ಬಂದರೆ ಲಾರಿಯ ಮೇಲೇರಿಸಿ ಬೆಂಗಳೂರಿಗೆ ಸಾಗಿಸಬೇಕು. ಒಂದೆರಡು ಬಾರಿ ಸಾಗಿಸುವ ಹೊತ್ತಿಗೆ ಉತ್ಸಾಹ ಇಳಿಯುತ್ತದೆ, ಗಾಡಿ ಶೆಡ್ಡಿನಲ್ಲೇ ಕೂರುತ್ತದೆ. ಕೂತ ಗಾಡಿಯನ್ನು ಮಲೆನಾಡು ಉಳಿಸುವುದಿಲ್ಲ.

ಈ ನೆಲಕ್ಕೆ ಹೊಂದಿದ ಓಟದ ಗಾಡಿ ಜಿಪ್ಸಿ. 1985ರ ಕೊನೆಗೆ ಮಾರುತಿ ಅದನ್ನು ತಂದಾಗ ಇದ್ದದ್ದು 970 ಸಿಸಿ ಎಂಜಿನ್, 45 ಅಶ್ವಶಕ್ತಿ. ತುಂಬಿದ ಗಾಡಿಗೆ ಘಟ್ಟದ ಏರು ಹತ್ತುವಾಗ ಏದುಸಿರು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. 2000ದ ಹೊತ್ತಿಗೆ ಅದೇ ಗಾಡಿಗೆ ಹದಿನಾರು ವಾಲ್ವಿನ ಎಂಪಿಎಫ್‌ಐ ಎಂಜಿನ್ ಕೂತು 80 ಅಶ್ವಶಕ್ತಿಯಾಯಿತು. ತೂಕ ಒಂದು ಟನ್ನಿನ ಆಸುಪಾಸು. ಲೆಕ್ಕದ ಪುಸ್ತಕದಲ್ಲಿ ಈ ಅಂಕಿಗಳು ಸಣ್ಣವು. ಮೊದಲ ಮಳೆ ಬಿದ್ದ ಮಣ್ಣಿನ ರಸ್ತೆಯಲ್ಲಿ, ತೋಟದ ತಿರುವಿನಲ್ಲಿ ಅದು ಹಿಂಬದಿ ಬೀಸಿಕೊಂಡು ಹೊರಟಾಗ ಬೇರೆ ಯಾವ ಗಾಡಿಯೂ ಅದರ ಮುಂದೆ ನಿಲ್ಲುತ್ತಿರಲಿಲ್ಲ.

ಗೊಬ್ಬರದ ಚೀಲ, ಕಾಫಿ ಮೂಟೆ, ಕೂಲಿಯಾಳುಗಳು, ಮದುವೆ ದಿಬ್ಬಣ, ನಡುರಾತ್ರಿಯ ಹೆರಿಗೆ ಎಲ್ಲಕ್ಕೂ ಅದೇ ಗಾಡಿ. ವಾರದ ಕೊನೆಗೆ ಹಿಂದಿನ ಸೀಟು ಬಿಚ್ಚಿ, ರೋಲ್ ಕೇಜ್ ಕೂರಿಸಿ, ಬಾಗಿಲಿಗೆ ನಂಬರ್ ಅಂಟಿಸಿದರೆ ರ‍್ಯಾಲಿಗೂ ಅದೇ. ಚಂಡೀಗಢದ ಹರಿ ಸಿಂಗ್ ಜಿಪ್ಸಿಯಲ್ಲಿ ದೇಶದ ಚಾಂಪಿಯನ್ ಆದ ಕಾಲದಲ್ಲಿ ನಮ್ಮ ತೋಟಗಾರರ ಮಕ್ಕಳಿಗೂ ಅದೇ ಗಾಡಿಯ ಕನಸು. ರ‍್ಯಾಲಿಯ ಸ್ಪೆಷಲ್ ಸ್ಟೇಜುಗಳು ಕಾಫಿ ಎಸ್ಟೇಟುಗಳ ಒಳರಸ್ತೆಗಳಲ್ಲಿ ನಡೆಯುತ್ತಿದ್ದವು. ಜನ ಬೆಳಗಿನ ಚಳಿಗೆ ಕಂಬಳಿ ಹೊದ್ದು ಬಂದು, ದರೆಯ ಮೇಲೆ ಕೂತು, ಗಾಡಿ ಕಾಣುವ ಮೊದಲೇ ಅದು ಜಿಪ್ಸಿಯೋ ಎಸ್ಟೀಮೋ ಎಂದು ಪಂಥ ಕಟ್ಟುತ್ತಿದ್ದರು.

ಆಮೇಲೆ ಮಿತ್ಸುಬಿಷಿ ಸೀಡಿಯಾ ಬಂತು, ಪೋಲೊ ಬಂತು. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ಚಿಕ್ಕಮಗಳೂರಿಗೇ ಬಂತು. 2013, 2016 ಮತ್ತು 2017ರಲ್ಲಿ ಆ ಸರಣಿಯ ಚಾಂಪಿಯನ್ ಆದ ಗೌರವ್ ಗಿಲ್ ಸ್ಕೋಡಾ ಫೇಬಿಯಾದಲ್ಲಿ ನಮ್ಮ ಜಿಲ್ಲೆಯ ಕೆಂಪು ಮಣ್ಣು ಹಾರಿಸಿದರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಾಗ ಮೋಟಾರ್ ಕ್ರೀಡೆಗೆ ಆ ಗೌರವ ಸಂದದ್ದು ಅದೇ ಮೊದಲು. ನಮ್ಮವರು ಆ ಫೇಬಿಯಾವನ್ನು ಬಾಯಿ ತೆರೆದು ನೋಡಿದರು, ಚಪ್ಪಾಳೆ ತಟ್ಟಿದರು. ಅಂಥದೊಂದು ಗಾಡಿಯನ್ನು ಮನೆಗೆ ತರುವ ಯೋಚನೆ ಯಾರಿಗೂ ಬರಲಿಲ್ಲ. ಜಿಪ್ಸಿಯ ಕಾಲದಲ್ಲಿ ಗೆದ್ದ ಗಾಡಿಯೂ ನಮ್ಮ ಕೊಟ್ಟಿಗೆಯ ಪಕ್ಕ ನಿಂತ ಗಾಡಿಯೂ ಒಂದೇ ಕಾರ್ಖಾನೆಯಿಂದ ಬಂದಿದ್ದವು. ಆ ನಂಟು ಹರಿದುಹೋಯಿತು. 2019ರಲ್ಲಿ ಜನಸಾಮಾನ್ಯರಿಗೆ ಜಿಪ್ಸಿ ಮಾರುವುದನ್ನೂ ನಿಲ್ಲಿಸಿದರು.

ಜಿಪ್ಸಿಯ ಜೊತೆಗೆ ಇನ್ನೊಂದು ಗಾಡಿಯನ್ನು ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ. 2000ದಲ್ಲಿ ಬಂದ ಹೋಂಡಾ ಸಿಟಿ 1.5 ವಿಟೆಕ್. ಅಡಿಕೆಗೆ ಒಳ್ಳೆಯ ಧಾರಣೆ ಕಂಡ ಮನೆಗಳಲ್ಲಿ ಕೆಲವರು ಧೈರ್ಯ ಮಾಡಿ ಅದನ್ನು ತಂದರು. 106 ಅಶ್ವಶಕ್ತಿ. ಕೆಳಗಿನ ವೇಗದಲ್ಲಿ ಅದು ಮೇಷ್ಟರ ಕಾರಿನಷ್ಟೇ ಸಾಧು. ಆರ್‌ಪಿಎಂ ಮುಳ್ಳು ಮೇಲೇರಿದಂತೆ ವಾಲ್ವುಗಳನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆಯುವ ಇನ್ನೊಂದು ಕ್ಯಾಮ್ ಕೆಲಸಕ್ಕೆ ಬರುತ್ತದೆ, ಎಂಜಿನ್ನಿನ ದನಿಯೇ ಬದಲಾಗುತ್ತದೆ. ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಎಸ್.ಕೆ. ಬಾರ್ಡರ್‌ನತ್ತ ಹೋಗುವ ಕಾಡಿನ ರಸ್ತೆಯಲ್ಲಿ ಆ ದನಿ ಕೇಳಿದವರು ಅದನ್ನು ಮರೆಯಲಾರರು. 2003ರಲ್ಲಿ ಹೊಸ ಆಕಾರದ ಸಿಟಿ ಬಂದಾಗ ಮೈಲೇಜಿನ ಲೆಕ್ಕಾಚಾರದಲ್ಲಿ ಎಂಜಿನ್ನಿನ ಶಕ್ತಿಯನ್ನು 77ಕ್ಕೆ ಇಳಿಸಿದ್ದರು. ಕೊಂಡವರಿಗೆ ಬೇಸರವೇನೂ ಆಗಲಿಲ್ಲ, ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿತ್ತು. ಇದೇ ಮೈಲೇಜಿನ ಲೆಕ್ಕ ಫಿಯೆಟ್ ಪಾಲಿಯೊ 1.6ಕ್ಕೂ ಮುಳುವಾಯಿತು. 100 ಅಶ್ವಶಕ್ತಿಯ ಆ ಪುಟ್ಟ ಕಾರನ್ನು, ಸಚಿನ್ ತೆಂಡೂಲ್ಕರ್ ಹೆಸರಿನಲ್ಲಿ ಬಂದ ಎಸ್10 ಅನ್ನೂ, ಪೆಟ್ರೋಲ್ ಕುಡಿಯುತ್ತದೆ ಎಂದು ದೂರ ಇಟ್ಟರು.

ಈ ಗಾಡಿಗಳು ಇಷ್ಟು ಕಾಲ ಉಳಿದದ್ದು ಗ್ಯಾರೇಜಿನವರ ಕೈಗುಣದಿಂದ. ಕೊಪ್ಪದಲ್ಲಿ ನನಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಂಜಿನ್ ಚಾಲೂ ಇರುವಾಗ ಉದ್ದದ ಸ್ಕ್ರೂಡ್ರೈವರ್‌ನ ತುದಿಯನ್ನು ಹೆಡ್ಡಿನ ಮೇಲೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಸರಿಯುತ್ತಾರೆ. ‘ಮೂರನೇದು ಟ್ಯಾಪೆಟ್ ಸ್ವಲ್ಪ ಲೂಸು’ ಎನ್ನುತ್ತಾರೆ. ಕವರ್ ಬಿಚ್ಚಿ ಫೀಲರ್ ಗೇಜ್ ತೂರಿಸಿದರೆ ಮೂರನೆಯದೇ. ಅವರು ಎಳೆಯರಾಗಿದ್ದಾಗ ಬಸ್ಸುಗಳ ಎಂಜಿನ್ ಕೇಳಿ ಕಲಿತ ವಿದ್ಯೆ ಇದು. ಯಂತ್ರವನ್ನು ತನ್ನದೆಂದು ಸಾಕುವ ಗುಣ ಕೊಪ್ಪಕ್ಕೆ ಹೊಸದಲ್ಲವಲ್ಲ. 1991ರಲ್ಲಿ ಶಂಕರ್ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದ ಊರು ಇದು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಒಡೆಯರಾಗಿದ್ದ ಆ ಬಸ್ಸುಗಳು 2020ರ ಫೆಬ್ರವರಿಯಲ್ಲಿ ನಿಂತವು. ಮಲೆನಾಡಿನ ಹಳ್ಳಿಗಳು ಇನ್ನೂ ಅದರ ಪೆಟ್ಟಿನಿಂದ ಚೇತರಿಸಿಕೊಂಡಿಲ್ಲ.

ಮೆಕ್ಯಾನಿಕ್ ಈಗ ಹೊಸ ಗಾಡಿ ಬಂದರೆ ಕೈ ಮುಗಿದು ಕಳಿಸುತ್ತಾರೆ. ‘ಇದಕ್ಕೆ ಸ್ಕ್ಯಾನರ್ ಬೇಕು ಮಾರಾಯ್ರೆ, ನನ್ನ ಕಿವಿ ಸಾಲೂದಿಲ್ಲ’ ಅಂದರು ಮೊನ್ನೆ. ಅವರ ಹತ್ತಿರ ಕಲಿಯಲು ಬಂದ ಹುಡುಗರು ಶೋರೂಮುಗಳ ಕೆಲಸ ಹಿಡಿದರು. ಜಿಪ್ಸಿಯನ್ನು ಉಳಿಸಿಕೊಳ್ಳಬೇಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ: ಅದನ್ನು ಬಲ್ಲ ಕೈಗಳು ಇನ್ನೂ ಕೆಲಸ ಮಾಡುತ್ತಿರುವಾಗ ತಗೊಳ್ಳಿ, ಅವರ ಪಕ್ಕ ನಿಂತು ನೋಡಿ, ಕೇಳಿ ಬರೆದಿಟ್ಟುಕೊಳ್ಳಿ.

ತಗೊಳ್ಳುವಾಗ ಬಣ್ಣ ನೋಡಬೇಡಿ, ನೆಲ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ. ಅದರ ಸೆರಗಿನಲ್ಲೇ ನಮ್ಮ ತಾಲೂಕುಗಳಿವೆ. ಜಿಪ್ಸಿಯ ರಬ್ಬರ್ ಮ್ಯಾಟ್ ಎತ್ತಿದರೆ ಮೊದಲು ಬರುವುದು ವಾಸನೆ, ಒದ್ದೆ ಗೋಣಿಯದು. ಡ್ರೈವರ್ ಕಾಲಿನ ಕೆಳಗಿನ ತಗಡು, ಹಿಂದಿನ ಚಕ್ರದ ಮೇಲಿನ ಕಮಾನು, ಚಾಸಿಗೆ ಸ್ಪ್ರಿಂಗ್ ಪಟ್ಟೆ ಕೂರುವ ಜಾಗ, ಈ ಮೂರನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ಗಟ್ಟಿ ಸದ್ದು ಬಂದರೆ ಸರಿ, ಪೊಳ್ಳು ಸದ್ದು ಬಂದರೆ ಪುಟ್ಟಿಯ ಕೆಳಗೆ ತುಕ್ಕು ತಿಂದಿದೆ. ಸಿಟಿ ವಿಟೆಕ್ ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಆಮೇಲೆ ಕಾಗದ: ಮೊದಲ ಮಾಲೀಕರ ಹೆಸರು, ಸರ್ವಿಸ್ ಪುಸ್ತಕ, ಎರಡನೇ ಕೀಲಿ, ಜಾಕು, ಟೂಲ್ ಕಿಟ್. ಕ್ಯಾಸೆಟ್ ಪ್ಲೇಯರ್ ಇನ್ನೂ ಇದ್ದರೆ ಕೈ ಮುಗಿದು ತಗೊಳ್ಳಿ. ಎಂಜಿನ್ನಿನ ಕೆಲಸ ಇವತ್ತೂ ಆಗುತ್ತದೆ, ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಹೋದ ಮೂಲರೂಪ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಾನೂನೂ ಇವಕ್ಕೆ ತಾಯಿಯಾಗಿಲ್ಲ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿ ವಿಂಟೇಜ್. ಅದಕ್ಕೆ ಬೇರೆಯೇ ನೋಂದಣಿ, ಬೇರೆಯೇ ಮರ್ಯಾದೆ. ಇಪ್ಪತ್ತೈದು ವರ್ಷದ ಸಿಟಿ ವಿಟೆಕ್ ಬರೀ ಹಳೆಯ ಕಾರು. ಹದಿನೈದು ವರ್ಷಕ್ಕೆ ಒಮ್ಮೆ, ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲೇ 5,000ಕ್ಕೆ ಏರಿತ್ತು. ಮಗ ಹೊರದೇಶದಲ್ಲಿ, ಅಪ್ಪನಿಗೆ ಮೊಣಕಾಲು ನೋವು. ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ಸಾಲಿನಲ್ಲಿ ನಿಲ್ಲುವವರು ಯಾರು? ಗುಜರಿಯವನು ಮನೆಗೇ ಬರುತ್ತಾನೆ.

ಪೆಟ್ರೋಲೂ ಬದಲಾಗಿದೆ. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಿಗುವಂತಾಯಿತು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯನ್ನು ಅಲುಗಿಸದೆ ನಿಲ್ಲಿಸಿದರೆ ಟ್ಯಾಂಕಿನೊಳಗೆ ನೀರು, ಸೀಟಿನ ಮೇಲೆ ಬೂಸ್ಟು, ವೈರಿಂಗಿಗೆ ಇಲಿ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಇನ್ನೂ ಕೇಡು, ತೇವ ಒಳಗೇ ಉಳಿಯುತ್ತದೆ. ಗಾಳಿಯಾಡುವ ಶೆಡ್ಡು, ಹತ್ತಿರದಲ್ಲಿ ಅಡಿಕೆ ಸಿಪ್ಪೆಯ ರಾಶಿ ಇಲ್ಲದಿರುವುದು, ತುಂಬಿದ ಟ್ಯಾಂಕು, ಹೊಸ ಪೈಪುಗಳು, ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರದ ಓಟ. ಇಷ್ಟು ಮಾಡಲು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಇಲ್ಲದಿರುವುದು ಆ ಒಬ್ಬರೇ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಿಂಡಿದೆ, ಈಚೆಗೆ ಎಲೆಚುಕ್ಕೆ ರೋಗವೂ ಸೇರಿದೆ. ಫಸಲು ಕೈಕೊಟ್ಟ ವರ್ಷ ಮನೆಯಿಂದ ಮೊದಲು ಹೊರಡುವುದು ಎರಡನೇ ಗಾಡಿ. ಹೀಗೆ ಕಳೆದುಕೊಳ್ಳುವುದು ನಮಗೆ ಮೊದಲ ಸಲವಲ್ಲ. ತರೀಕೆರೆಯಿಂದ ಎನ್.ಆರ್.ಪುರಕ್ಕೆ ಹಿಂದೆ ಕಿರಿದಾದ ಹಳಿಯ ಮೇಲೆ ಟ್ರಾಮ್ ರೈಲು ಓಡುತ್ತಿತ್ತು. ಅದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದೇ ಇಲ್ಲ.

ಉಳಿದ ಜಿಪ್ಸಿಗಳಿಗೆ ಇನ್ನೊಂದು ಕಂಟಕವಿದೆ, ಅದು ಪ್ರೀತಿಯ ಹೆಸರಿನಲ್ಲೇ ಬರುತ್ತದೆ. ಕೆಸರಿನ ಸ್ಪರ್ಧೆಗೆಂದು ಮಡ್‌ಗಾರ್ಡ್ ಕತ್ತರಿಸಿ, ದೊಡ್ಡ ಟೈರು ತುರುಕಿ, ಡೀಸೆಲ್ ಎಂಜಿನ್ ಕೂರಿಸಿದ ಜಿಪ್ಸಿಗಳನ್ನು ನೋಡಿದ್ದೇನೆ. ಆ ಹುಡುಗರ ಹುಮ್ಮಸ್ಸು ನನಗೂ ಅರ್ಥವಾಗುತ್ತದೆ. ಆದರೆ ಹೊಸದಾಗಿ ಇನ್ನೊಂದು ಹುಟ್ಟುವುದಿಲ್ಲ ಎಂದು ಗೊತ್ತಿರುವ ವಸ್ತುವಿಗೆ ಕಟ್ಟರ್ ಇಡುವಾಗ ಕೈ ನಡುಗಬೇಕು. ಅಂಥ ಆಟಕ್ಕೆ ಆಗಲೇ ಕತ್ತರಿಸಿಟ್ಟ ಗಾಡಿಗಳು ಬೇಕಾದಷ್ಟಿವೆ.

ಹರಿಹರಪುರದ ಕಡೆ ಹಿರಿಯರೊಬ್ಬರ ಮನೆಯಲ್ಲಿ 2003ರ ಜಿಪ್ಸಿ ಕಿಂಗ್ ಇದೆ. ಬಿಳಿ ಬಣ್ಣ, ಕೆಎ 18 ನಂಬರು, ಒಬ್ಬರೇ ಮಾಲೀಕರು, ಆರ್‌ಸಿ 2028ರವರೆಗೆ. ಹೊರಗಿನಿಂದ ಬಂದ ಒಬ್ಬರು ನಾನು ಊಹಿಸಿದ್ದಕ್ಕಿಂತ ಹೆಚ್ಚು ಬೆಲೆಗೆ ಕೇಳಿ ಹೋಗಿದ್ದಾರೆ, ಮೇಲ್ಭಾಗ ಕತ್ತರಿಸುವ ಮಾತನ್ನೂ ಅಲ್ಲೇ ಆಡಿದ್ದಾರೆ. ‘ದುಡ್ಡು ಕಮ್ಮಿ ಆದ್ರೂ ಅಡ್ಡಿಲ್ಲ, ಹಾಗೇ ಇಟ್ಕೊಳ್ಳೋರು ಇದ್ರೆ ಹೇಳಿ ಮಾರಾಯ್ರೆ’ ಅಂದರು ಹಿರಿಯರು. ನನ್ನ ಅಕ್ಕನ ಮಗನಿಗೆ ಹೇಳಿದ್ದೇನೆ. ಎಡಗಡೆ ಹಿಂದಿನ ಸ್ಪ್ರಿಂಗ್ ಪಟ್ಟೆಯ ಬುಡದಲ್ಲಿ ಅಂಗೈ ಅಗಲದ ತುಕ್ಕು ಇದೆ, ಅಷ್ಟು ಜಾಗ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಮೆಕ್ಯಾನಿಕ್ ಬಂದು ನೋಡಿ ಒಪ್ಪಿದ್ದಾರೆ. ಮೇ ತಿಂಗಳೊಳಗೆ ಗಾಡಿ ತಂದುಕೊಡಿ, ಮಳೆ ಹಿಡಿದರೆ ವೆಲ್ಡಿಂಗ್ ಕೆಲಸ ಮಾಡುವುದಿಲ್ಲ ಎಂದಿದ್ದಾರೆ.