ಅಪ್ಪನ ಹೊಲಕ್ಕೊಂದು ಕರೆಂಟು ಥಾರ್

ನಮ್ಮ ಹಲಗೇರಿ ಕಡೆ ಎರಿ ಹೊಲ ನೋಡ್ರಿ. ಒಂದು ದೊಡ್ಡ ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಡಿ ಅಲ್ಲೇ ಕೂತುಬಿಡುತ್ತೆ. ಅಪ್ಪನಿಗೆ ಈಗ ಮೊಣಕಾಲು ನೋವು. ನಡೆದು ಹೋಗಲಾರರು, ಹೊಲ ಬಿಟ್ಟೂ ಇರಲಾರರು. ಅದಕ್ಕೇ ನನಗೆ ಈ ಫೋರ್ ಬೈ ಫೋರ್ ಹುಚ್ಚು.

2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂದಾಗ ಪೆಟ್ರೋಲೂ ಇತ್ತು, ಡೀಸೆಲ್ಲೂ ಇತ್ತು. ಆದ್ರೆ ನಾಲ್ಕೂ ಗಾಲಿಗೆ ಎಳೆತ ಬೇಕಂದ್ರೆ ಡೀಸೆಲ್ಲೇ, ಅದೂ ಮೇಲಿನ ಮಾಡೆಲ್‌ಗಳಲ್ಲಿ ಮಾತ್ರ!

ನಾನು ಕಾಯ್ತಿರೋದು 2023ರ ಆಗಸ್ಟ್ 15ರಂದು ಮಹೀಂದ್ರಾದವರು ಕೇಪ್‌ಟೌನಿನಲ್ಲಿ ತೋರಿಸಿದ ಎಲೆಕ್ಟ್ರಿಕ್ ಥಾರ್‌ಗೆ. ಮುಂದೊಂದು ಹಿಂದೊಂದು ಮೋಟಾರ್ ಇಟ್ಟರೆ ನಡುವಿನ ಉದ್ದನೆ ಶಾಫ್ಟೇ ಬೇಡ. ನಿಂತಲ್ಲಿಂದಲೇ ಪೂರ್ತಿ ಎಳೆತ. ಕೆಸರಿಗೆ ಹೇಳಿ ಮಾಡಿಸಿದ್ದು.

ಕರೆಂಟಿನ ಲೆಕ್ಕವೂ ಹಾಕಿದೆ. ಅದೇ ಕಂಪನಿಯ ಬಿಇ 6 ಕಾರಿನ ಚಿಕ್ಕ ಬ್ಯಾಟರಿಯೇ 59 ಯೂನಿಟ್. ಮನೆಯ 16 ಆಂಪ್ಸ್ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ ಹಿಡಿದರೂ ತುಂಬಲು ಹತ್ತಿರ ಹತ್ತಿರ 20 ಗಂಟೆ. ಮಳೆಗಾಲದಲ್ಲಿ ನಮ್ಮೂರ ಕರೆಂಟೋ, ಬಂದು ಹೋಗುವ ನೆಂಟ! ಆದರೂ ಹೊಲಕ್ಕೆ ದಿನಾ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಒಮ್ಮೆ ತುಂಬಿದರೆ ವಾರಗಟ್ಟಲೆ ಚಿಂತೆ ಇಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ: ಚಿಕ್ಕ ಬ್ಯಾಟರಿಯ, ಕೆಳಗಿನ ಮಾಡೆಲ್ಲಿಗೂ ಎರಡು ಮೋಟಾರ್ ಕೊಡಲಿ. ಸನ್‌ರೂಫ್ ಬೇಡ, ಬಿಸಿಲು ನಮ್ಮಲ್ಲೇ ಬೇಕಾದಷ್ಟಿದೆ. ಬೇಗ ಬರಲಿ... ನಾನೇನೋ ಕಾಯ್ತೀನಿ, ಅಪ್ಪನ ಮೊಣಕಾಲು ಕಾಯಬೇಕಲ್ಲ!