ಬಟ್ಟೆ ಚೀಲದ ತುಂಬ ಮಾತ್ರೆ

ತಿಪಟೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳು ಮುಗಿಸಿದೆಯಲ್ಲ, ಸಂತೋಷ. "ದೊಡ್ಡಪ್ಪ, ಒಬ್ಬೊಬ್ಬರಿಗೂ ನಾಲ್ಕೈದು ಕಾಯಿಲೆ. ಹೊರಗೆ ಸಾಲು ಕರಗೋದೇ ಇಲ್ಲ. ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳಿದ್ದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ಒಬ್ಬ ಅಜ್ಜಿಗೆ ಬಿಪಿ, ಶುಗರ್, ಮಂಡಿ ನೋವು ಮೂರೂ ಇದ್ದವು. ಒಂದು ಭಾನುವಾರ ಮಗ ಎತ್ತಿಕೊಂಡೇ ಬಂದ. ಹಿಂದಿನ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದಿದ್ದರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. "ಮನೇಲಿರೋ ಮಾತ್ರೆ ಎಲ್ಲ ತಗೊಂಡ್ಬಾ" ಅಂದೆ. ಬಟ್ಟೆ ಚೀಲ ತಂದು ಮೇಜಿನ ಮೇಲೆ ಸುರಿದ. ಹನ್ನೊಂದು ಥರ! ಶುಗರಿನ ಗ್ಲಿಮೆಪಿರೈಡ್ ಎರಡು ಕಂಪನಿಯ ಹೆಸರಲ್ಲಿತ್ತು. ಒಂದು ನಾನು ಬರೆದದ್ದು, ಇನ್ನೊಂದು ಬೇರೆ ಡಾಕ್ಟರು. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಶನಿವಾರ ಒಪ್ಪತ್ತು ಬೇರೆ. ಊಟ ಬಿಟ್ಟರೂ ಮಾತ್ರೆ ಬಿಡುತ್ತಿರಲಿಲ್ಲ, ಶುಗರ್ ಕುಸಿಯದೆ ಇರುತ್ತದೆಯೇ?

ಕೂತು ಎಳೆ ಬಿಡಿಸಿದೆ. ಬಿಪಿ ಇಳಿಯಲಿಲ್ಲವೆಂದು ಅಮ್ಲೋಡಿಪಿನ್ 10 ಮಿ.ಗ್ರಾಂಗೆ ಏರಿಸಿದ್ದೆ. ಅದರಿಂದ ಪಾದ ಊದಿತು. ಊತಕ್ಕೆ ಮೂತ್ರ ಹೋಗುವ ಮಾತ್ರೆ ಬರೆದೆ. ರಾತ್ರಿಯೆಲ್ಲ ಎದ್ದು ಓಡಾಟ. ಬಿಪಿ ಇಳಿಯದಿದ್ದುದೇಕೆ? ಮೆಡಿಕಲ್ ಸ್ಟೋರಿನಿಂದ ತರಿಸಿ ದಿನಾ ನುಂಗುತ್ತಿದ್ದ ನೋವಿನ ಮಾತ್ರೆ, ಡೈಕ್ಲೋಫೆನಾಕ್. ಅದು ಬಿಪಿ ಏರಿಸುತ್ತದೆ, ಮೂತ್ರದ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು. ನಾನು ಕೇಳಿರಲೇ ಇಲ್ಲ. ಅಜ್ಜಿ ಬಿದ್ದದ್ದರಲ್ಲಿ ನನ್ನ ಚೀಟಿಯ ಪಾಲೂ ಇತ್ತು, ಪುಟ್ಟಿ.

"ಯಾಕಜ್ಜಿ, ಅಷ್ಟೊಂದು ನೋವಾ?" ಅಂದೆ. "ಹಾಲು ಕರೆಯೋಕೆ ಕುಕ್ಕರುಗಾಲಲ್ಲಿ ಕೂತ್ರೆ ಏಳಕ್ಕಾಗಲ್ಲ ಕಣಪ್ಪ" ಅಂದರು. ಹಾಲು ಕರೆಯೋಕೆ ಒಂದು ಸ್ಟೂಲು, ನೋವಿಗೆ ಪ್ಯಾರಾಸಿಟಮಾಲ್. ಕಿಡ್ನಿ ಟೆಸ್ಟ್ ಮಾಡಿಸಿ, ಮಿಕ್ಕವನ್ನು ಒಂದೊಂದಾಗಿ ಇಳಿಸುತ್ತಾ ಬಂದೆ. ಮೂರು ತಿಂಗಳಲ್ಲಿ ಹನ್ನೊಂದು ಹೋಗಿ ಐದಾಯಿತು.

ನಾವು ಓದಿದ ಪುಸ್ತಕದಲ್ಲಿ ಕಾಯಿಲೆಗೊಂದು ಅಧ್ಯಾಯ. ರೋಗಿ ಮಾತ್ರ ಎಲ್ಲ ಅಧ್ಯಾಯ ಒಟ್ಟಿಗೆ ಹೊತ್ತು ಬರುತ್ತಾರೆ. ಔಷಧಿ ಪರೀಕ್ಷೆಗಳಲ್ಲೂ ಇಂಥವರನ್ನು ಹೆಚ್ಚಾಗಿ ಹೊರಗೇ ಇಟ್ಟಿರುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಬಹುಕಾಯಿಲೆಯವರಿಗೆಂದೇ ಮಾರ್ಗಸೂಚಿ ತಂದಿತು. ಕಾಯಿಲೆಯ ಹೊರೆಯ ಜೊತೆಗೆ ಚಿಕಿತ್ಸೆಯ ಹೊರೆಯನ್ನೂ ವಿಚಾರಿಸಿ ಅನ್ನುತ್ತದೆ ಅದು. ಅಷ್ಟು ಹೊತ್ತಿಗೆ ನನಗೆ ಅಜ್ಜಿಯ ಚೀಲ ಪಾಠ ಹೇಳಿಯಾಗಿತ್ತು.

ನೀನೂ ಚೀಲದಿಂದಲೇ ಶುರು ಮಾಡು. ಹೊಸ ತೊಂದರೆ ಹೇಳಿದಾಗ, ಇದು ಹಳೆ ಮಾತ್ರೆಯ ಕೆಲಸವೇ ಅಂತ ಮೊದಲು ಯೋಚಿಸು. ಶುಗರಿನ ಎಚ್‌ಬಿಎ1ಸಿ 7ರೊಳಗಿರಬೇಕೆಂಬ ಹಟ ನಲವತ್ತರವರಿಗೆ ಸರಿ. ಎಂಬತ್ತರ ಹಣ್ಣು ಜೀವಕ್ಕೆ 8 ಇದ್ದರೂ ನಡೆಯುತ್ತದೆ. ಎಲ್ಲವನ್ನೂ ಒಂದೇ ದಿನ ಸರಿ ಮಾಡಲು ಹೋಗಬೇಡ. ತಿಂಗಳ ಮಾತ್ರೆಗೆ ಹೇಗೂ ಬರುತ್ತಾರೆ, ಪ್ರತಿ ಸಲ ಒಂದೊಂದು ಗಂಟು ಬಿಚ್ಚು.

ಇಷ್ಟು ಬರೆಯುವಷ್ಟರಲ್ಲಿ ನಿನ್ನ ದೊಡ್ಡಮ್ಮ ನನ್ನ ಡಬ್ಬಿ ತಂದಿಟ್ಟು, "ಊರಿಗೆಲ್ಲ ಹೇಳ್ತೀರಲ್ಲ, ಇದನ್ನೂ ಎಣಿಸಿ" ಅಂದಳು. ಏಳಿವೆ. ದೀಪಾವಳಿಗೆ ಬಂದಾಗ ನೀನೇ ನೋಡು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ